ಅಕ್ಕೋರು ಕಟ್ಟಲು ಹೋದ ರಾಖಿ

"ಯವ್ವಾ... ಮೊಣಕಾಲು ಹೋತಲ್ಲೋ!"

ಬೋರ್ಡಿನ ಮೇಲೆ ಬರೆಯುತ್ತಿದ್ದ ಕೀರ್ತಿಯ ಕೈ ಹಾಗೇ ನಿಂತಿತು. ಜರ್ಮನಿಯ ವೋಲ್ಫ್ಸ್‌ಬುರ್ಗ್‌ನಲ್ಲಿ, ಚರ್ಚಿನ ಸಮುದಾಯ ಭವನದ ಹಾಲ್‌ನಲ್ಲಿ, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ... ಕನ್ನಡ?!

ತಿರುಗಿ ನೋಡಿದಳು. ಎತ್ತರದ ಯುವಕನೊಬ್ಬ ಎದೆಗೆ ಸಣ್ಣ ಫ್ರಿಜ್ ಅವುಚಿಕೊಂಡು, ಬಾಗಿಲಿಗೆ ಬಡಿದುಕೊಂಡ ಕಾಲನ್ನು ಎತ್ತಿ ಹಿಡಿದು, ಒಂಟಿ ಕಾಲಲ್ಲಿ ಕುಂಟುತ್ತಿದ್ದ. ಕ್ಲಾಸಿನಲ್ಲಿದ್ದ ಎಂಟು ಜನ ಜರ್ಮನ್ನರು ಅವನನ್ನೇ ಪಿಳಿಪಿಳಿ ನೋಡುತ್ತಿದ್ದರು.

"ನೀವು... ಕನ್ನಡದವರಾ?"

ಅವನ ಮುಖ ಅರಳಿದ್ದು ನೋಡಬೇಕಿತ್ತು!

"ಹೌದ್ರೀ! ನಾನು ಉಳವಪ್ಪ, ಬೈಲಹೊಂಗಲದಂವ. ಇಲ್ಲೇ ಕಾರ್ ಕಂಪನ್ಯಾಗ ಎಂಜಿನಿಯರ್. ಸ್ವಾಹಿಲಿ ಕ್ಲಾಸ್ ಇದ ಏನ್ರೀ?"

"ಇದೇ. ನಾನು ಕೀರ್ತಿ. ಕಲಿಸೋದು ನಾನೇ."

"ಓಹೋ! ತಪ್ಪಾತ್ರೀ ಅಕ್ಕೋರ, ಭಾಳ ತಡ ಆತು!"

ಅಕ್ಕೋರ?!

ಕೀರ್ತಿಗೆ ಇಪ್ಪತ್ತೊಂಬತ್ತು. ಇವನಿಗೆ ಮೂವತ್ತೆರಡಾದರೂ ಆಗಿರಬೇಕು. 'ನಾನು ಇವನಿಗೆ ಅಕ್ಕನಾ? ಅಷ್ಟು ವಯಸ್ಸಾದ ಹಾಗೆ ಕಾಣ್ತೀನಾ?' ಮೊದಲ ದಿನವೇ ಅವಳಿಗೆ ಮೈಯೆಲ್ಲಾ ಉರಿದುಹೋಯಿತು.

ಉರಿಯದೆ ಇನ್ನೇನು ಹೇಳಿ? ಪಾಪ, ಆ ಹುಡುಗಿಯನ್ನು ಲೋಕವೆಲ್ಲ ಸೇರಿ ಅಕ್ಕ ಮಾಡಿಟ್ಟಿತ್ತು. ಕೊಳ್ಳೇಗಾಲದವಳು, ಓದಿದ್ದು ನರ್ಸಿಂಗ್. ಊರಲ್ಲಿ 'ಸಿಸ್ಟರ್'. ಇಲ್ಲಿನ ಆಸ್ಪತ್ರೆಯಲ್ಲಿ 'ಶ್ವೆಸ್ಟರ್ ಕೀರ್ತಿ'. ಜರ್ಮನ್ನರೂ ನರ್ಸನ್ನು ಹಾಗೇ ಕರೆಯೋದು. ನಡುವೆ ಮೂರು ವರ್ಷ ಟಾಂಜಾನಿಯಾದಲ್ಲಿದ್ದಳು. ಅಲ್ಲಿ 'ದಾದಾ ಕೀರ್ತಿ'. ಸ್ವಾಹಿಲಿಯಲ್ಲಿ ದಾದಾ ಅಂದರೂ ಅಕ್ಕನೇ!

ಆ ಮೂರು ವರ್ಷವೇ ಅವಳ ಜೀವ. ಇದೇ ಚರ್ಚಿನವರು ಅಲ್ಲಿಯ ಗುಡ್ಡಗಾಡಿನಲ್ಲಿ ಒಂದು ಕ್ಲಿನಿಕ್ ನಡೆಸುತ್ತಾರೆ. ಹೆಸರು ಫರಾಜಾ, ಅಂದರೆ ಸಾಂತ್ವನ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಔಷಧ. ಆದರೆ ಮಾತ್ರೆ ಕೊಟ್ಟು ಕೈತೊಳೆದುಕೊಳ್ಳುವ ಜಾಗ ಅಲ್ಲ ಅದು. ಭೇದಿಯಾದ ಮಗುವಿನ ಮನೆಗೇ ಹೋಗಿ ಕುಡಿಯುವ ನೀರು ನೋಡುತ್ತಾರೆ, ಹಿತ್ತಲಲ್ಲಿ ಸೊಪ್ಪು ಬೆಳೆಸುತ್ತಾರೆ, ಗಂಡನನ್ನು ಕಳೆದುಕೊಂಡವಳ ಪಕ್ಕ ಕೂತು ಅವಳು ಅಳುವಷ್ಟು ಹೊತ್ತೂ ಕೇಳುತ್ತಾರೆ. ಯಾವ ದೇವರಿಗೆ ನಡೆದುಕೊಳ್ಳುತ್ತೀಯ ಅಂತ ಯಾರೂ ವಿಚಾರಿಸುವುದಿಲ್ಲ.

ಒಪ್ಪಂದ ಮುಗಿದು ವಾಪಸ್ ಬಂದಮೇಲೆ, ಅಲ್ಲಿಗೆ ಹೊರಡುವವರಿಗೆ ಭಾಷೆ ಕಲಿಸುವುದು ಅವಳ ಶನಿವಾರದ ಕೆಲಸ.

ಉಳವಪ್ಪನೂ ಹೊರಟವನೇ. ಕಂಪನಿಯಿಂದ ಎರಡು ವರ್ಷ ರಜೆ ತೆಗೆದುಕೊಂಡಿದ್ದ. ಫರಾಜಾದಲ್ಲಿ ಕರೆಂಟ್ ಹೋದಾಗಲೆಲ್ಲ ಮಕ್ಕಳ ಲಸಿಕೆ ಕೆಟ್ಟುಹೋಗುತ್ತಿತ್ತು. ಅದಕ್ಕೇ ಆ ಫ್ರಿಜ್ಜನ್ನು ಬಿಸಿಲಿನಿಂದಲೇ ನಡೆಯುವ ಹಾಗೆ ಮಾಡಬೇಕು ಅಂತ ಹಟ ಹಿಡಿದಿದ್ದ.

"ಕಾರ್ ಬಿಟ್ಟು ಕ್ಲಿನಿಕ್ಕಿಗೆ ಯಾಕೆ ಹೊರಟ್ರಿ?" ಒಂದು ದಿನ ಕೇಳಿದಳು.

"ನಾ ಹುಟ್ಟಿದ್ದ ನಮ್ಮೂರ ಮಠದ ದವಾಖಾನ್ಯಾಗ್ರೀ. ಅಲ್ಲೂ ಹಿಂಗ... ಔಷಧ ಕೊಡ್ತಿದ್ರು, ಊಟ ಹಾಕ್ತಿದ್ರು, ಯಾರು ಏನು ಅಂತ ಕೇಳ್ತಿರಲಿಲ್ಲ. ಅದರ ಋಣ ಐತ್ರೀ ನನ್ನ ಮ್ಯಾಲ." ಸ್ವಲ್ಪ ತಡೆದು ನಕ್ಕ. "ಕಾರು ಯಾರರೆ ಮಾಡ್ತಾರ ಬಿಡ್ರೀ ಅಕ್ಕೋರ."

ಆ ಕ್ಷಣವೇ ಅವಳ ಮನಸ್ಸು ಜಾರಿಹೋಯಿತು. ಆದರೆ ಕೊನೆಗೆ ಬಂತಲ್ಲ, ಅದೇ ಹಾಳು ಮಾತು!

ಆರು ತಿಂಗಳು ಹೀಗೇ ನಡೆಯಿತು. ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುವವನು ಅವನೇ. ಅವಳಿಗೆ ನೆಗಡಿಯಾದರೆ ಶುಂಠಿ ಚಹಾ ತರುವವನು ಅವನೇ. ಕ್ಲಾಸಿನಲ್ಲಿ "ದಾದಾ ಅಂದ್ರೆ ಅಕ್ಕ" ಅಂತ ಅವಳು ಹೇಳಿಕೊಟ್ಟಾಗ "ನಮ್ಮ ಕಡೆ ದಾದಾ ಅಂದ್ರ ರೌಡಿ ರೀ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕವನೂ ಅವನೇ. ಅವನು ನಕ್ಕರೆ ಅವಳಿಗೆ ಇಡೀ ವಾರದ ನೈಟ್ ಡ್ಯೂಟಿಯ ಸುಸ್ತು ಮರೆತುಹೋಗುತ್ತಿತ್ತು.

'ಯಾಕಪ್ಪಾ ಇಷ್ಟು ಒಳ್ಳೆಯವನಾಗಿದ್ದೀಯ... ಅಕ್ಕ ಅಂತ ಕರೆಯೋದಾದ್ರೆ?'

ಆಗಸ್ಟ್ ತಿಂಗಳ ಒಂದು ಸಂಜೆ, ಕ್ಲಿನಿಕ್‌ನ ವ್ಯವಹಾರ ನೋಡಿಕೊಳ್ಳುವ ಪಾಸ್ಟರಮ್ಮ ಹೈಕೆ ಅವಳ ಎರಡೂ ಕೈ ಹಿಡಿದುಕೊಂಡರು.

"ಕೀರ್ತಿ, ಹಳ್ಳಿ ಹಳ್ಳಿಗೆ ಹೋಗಿ ತಾಯಿ-ಮಕ್ಕಳನ್ನು ನೋಡುವ ತಂಡ ಶುರು ಮಾಡ್ತಿದ್ದೀವಿ. ಮುಂದೆ ನಿಲ್ಲೋಕೆ ಭಾಷೆ ಬಲ್ಲ ನರ್ಸ್ ಬೇಕು. ಅಲ್ಲಿನ ಹೆಂಗಸರು ನಿನ್ನ ಹೆಸರೇ ಹೇಳ್ತಿದ್ದಾರೆ! ನೀನು ಮತ್ತು ಉಳವಪ್ಪ ಒಟ್ಟಿಗೇ ಹೊರಡಬಹುದು. ಶನಿವಾರದೊಳಗೆ ಹೇಳು. ನೀನಿಲ್ಲ ಅಂದ್ರೆ ಈ ಕೆಲಸ ಒಂದು ವರ್ಷ ಮುಂದಕ್ಕೆ ಹೋಗುತ್ತೆ."

ಕೀರ್ತಿಯ ಮನಸ್ಸು ಕುಣಿದಾಡಿತು. ಮತ್ತೆ ಫರಾಜಾ! ಎರಡು ವರ್ಷದಿಂದ ಕನಸಿನಲ್ಲೂ ಕೇಳಿದ್ದು ಅದನ್ನೇ.

ಆದರೆ... ಎರಡು ವರ್ಷ ಅವನ ಪಕ್ಕದಲ್ಲೇ. ದಿನಾ ಒಂದೇ ಜೀಪಿನಲ್ಲಿ, ಒಂದೇ ಊಟದ ಮೇಜಿನಲ್ಲಿ. ದಿನಾ ಅಕ್ಕೋರ, ಅಕ್ಕೋರ... ಆಗಲ್ಲ. ನನ್ನ ಕೈಲಿ ಆಗಲ್ಲ ದೇವರೇ!

ಶುಕ್ರವಾರ 'ಬರಲಾಗುವುದಿಲ್ಲ' ಅಂತ ಪತ್ರ ಬರೆದಳು. ಬರೆದು ಅತ್ತಳು. ಆಮೇಲೆ ರೈಲು ಹತ್ತಿ ಬ್ರೌನ್‌ಷ್ವೈಗ್‌ನ ಇಂಡಿಯನ್ ಅಂಗಡಿಗೆ ಹೋಗಿ, ಮಸಾಲೆ ಪ್ಯಾಕೆಟ್ ಪಕ್ಕ ನೇತು ಹಾಕಿದ್ದ ಒಂದು ರಾಖಿ ಕೊಂಡಳು. ಮನಸ್ಸಿಗೆ ಬೀಗ ಹಾಕುವುದಾದರೆ ಸರಿಯಾಗೇ ಹಾಕಿಬಿಡೋಣ ಅಂತ ಹಟ ಅವಳಿಗೆ. ಕೊಳ್ಳೇಗಾಲದವರ ಹಟ ಅಂದರೆ ಸುಮ್ಮನೆ ಅಲ್ಲ!

ಶನಿವಾರ ಕೊನೆಯ ಕ್ಲಾಸ್. ಸ್ವಾಹಿಲಿ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಒಂಬತ್ತೂ ಜನ ಪಾಸ್. ಆಮೇಲೆ ಎಲ್ಲರೂ ಅಂಗಳಕ್ಕೆ ಬಂದರು. ಸೋಲಾರ್ ಹಲಗೆಗೆ ಕಟ್ಟಿದ್ದ ಫ್ರಿಜ್ ಐದು ಹಗಲು ಐದು ರಾತ್ರಿ ಹೊರಗೇ ನಿಂತಿತ್ತು. ಹೈಕೆ ಬಾಗಿಲು ತೆರೆದು ಥರ್ಮಾಮೀಟರ್ ನೋಡಿದರು.

"ನಾಲ್ಕು ಡಿಗ್ರಿ! ಒಮ್ಮೆಯೂ ಏರಿಲ್ಲ!"

ಅಂಗಳವೆಲ್ಲ ಚಪ್ಪಾಳೆ! ಯಾರೋ ಉಳವಪ್ಪನನ್ನು ಎತ್ತಿ ಕುಣಿಸಿದರು. ಇನ್ನು ಫರಾಜಾದ ಒಂದು ಮಗುವೂ ಲಸಿಕೆಯಿಲ್ಲದೆ ವಾಪಸ್ ಹೋಗುವುದಿಲ್ಲ. ಕೀರ್ತಿಯ ಕಣ್ಣಲ್ಲಿ ಹೆಮ್ಮೆಯೂ ದುಃಖವೂ ಒಟ್ಟಿಗೇ ತುಂಬಿಬಂತು.

ಅವನು ಓಡೋಡಿ ಬಂದ. "ನೋಡಿದ್ರೇನ್ರೀ ಅಕ್ಕೋರ!"

"ನೋಡಿದೆ. ಕೈ ಕೊಡಿ."

ಖುಷಿಯಿಂದ ಕೈ ಚಾಚಿದ. ರಾಖಿ ಮಣಿಕಟ್ಟಿಗೆ ತಾಗಿತೋ ಇಲ್ಲವೋ, ಹಾವು ತುಳಿದವನ ಹಾಗೆ ಹಿಂದಕ್ಕೆ ಹಾರಿದ.

"ಏನ್ರೀ ಇದು?! ರಾಖಿ ಯಾಕ್ರೀ ನನಗ?"

"ಯಾಕಂದ್ರೆ? ಕಟ್ಟಿಸ್ಕೊಳ್ಳಿ!"

"ಸತ್ತರೂ ಕಟ್ಟಿಸ್ಕೊಳ್ಳಂಗಿಲ್ಲ!"

"ಓಹೋ!" ಆರು ತಿಂಗಳಿಂದ ಅದುಮಿಟ್ಟಿದ್ದೆಲ್ಲ ಉಕ್ಕಿಬಂತು. "ಬಾಯಿ ತೆಗೆದ್ರೆ ಅಕ್ಕ ಅಕ್ಕ ಅಂತೀರ, ರಾಖಿ ಮಾತ್ರ ಬೇಡವಾ? ನಾನು ಪಡೋ ಪಾಡು ನಿಮಗೇನು ಗೊತ್ತು? ನಿಮ್ಮಿಂದಾಗಿ ಫರಾಜಾನೂ ಬೇಡ ಅಂತ ಬರೆದುಬಿಟ್ಟಿದ್ದೀನಿ ನಾನು!"

"ಅಕ್ಕ? ನಾ ಯಾವಾಗ ಅಂದೆ ಅಕ್ಕ ಅಂತ?"

"ಈಗ ತಾನೇ ಅಂದ್ರಲ್ಲ! ಅಕ್ಕೋರ ಅಂತ!"

ಅವನು ಹಣೆ ಹಣೆ ಚಚ್ಚಿಕೊಂಡ.

"ಅಯ್ಯ ಶಿವನ! ಅಕ್ಕೋರು ಅಂದ್ರ ದಾದಾ ಅಲ್ಲರೀ... ಮ್ವಾಲಿಮು!"

ಮ್ವಾಲಿಮು... ಸ್ವಾಹಿಲಿಯಲ್ಲಿ ಟೀಚರ್! ಮೊದಲ ಪಾಠದಲ್ಲೇ ಅವಳು ಕಲಿಸಿದ ಪದ.

"ನಮ್ಮ ಕಡೆ ಸಾಲ್ಯಾಗ ಕಲಸೋ ಹೆಣ್ಮಕ್ಕಳಿಗೆ ಅಕ್ಕೋರು ಅಂತಾರ್ರೀ! ಅರವತ್ತು ವರ್ಷದ ಮುದುಕನೂ ಹಂಗ ಅಂತಾನ! ಮರ್ಯಾದಿ ಅದು!"

"ಟೀ... ಟೀಚರಾ?" ಕೀರ್ತಿ ರಾಖಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ಹಾಗಾದ್ರೆ ನಾನು ಸುಮ್ಮನೆ... ಆರು ತಿಂಗಳು..."

ಭೂಮಿ ಬಾಯಿಬಿಡಬಾರದಾ ಅನ್ನಿಸಿತು ಅವಳಿಗೆ. ಆದರೆ ಅವನು ಈಗ ನಗುತ್ತಿರಲಿಲ್ಲ. ಒಂದು ಹೆಜ್ಜೆ ಹತ್ತಿರ ಬಂದ.

"ಕಲಸೋರ ಹತ್ರ ಇಂಥಾ ಮಾತು ಆಡಬಾರದು ಅಂತ ಬಾಯಿ ಕಟ್ಟಿಕೊಂಡಿದ್ದೆ. ಪರೀಕ್ಷಿ ಮುಗಿಲಿ ಅಂತ ದಿನಾ ಎಣಸ್ತಿದ್ದೆ. ನಮ್ಮ ಅವ್ವ ಗೌರಕ್ಕಗ ಮೂರು ತಿಂಗಳ ಹಿಂದನ ಹೇಳೇನಿ, ಲಗ್ನ ಆದ್ರ ಇವರನ್ನ ಅಂತ. ಇವತ್ತು ಪರೀಕ್ಷಿ ಮುಗೀತು... ನಿಮ್ಮ ಮ್ಯಾಲೆ ಭಾಳ ಜೀವ ಐತ್ರೀ ನನಗ, ಕೀರ್ತಿ."

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು! ಕೀರ್ತಿ ಅಳುತ್ತಾ ನಕ್ಕಳು, ನಗುತ್ತಾ ಅತ್ತಳು.

"ನನಗೂ ಕಣ್ರೀ... ಆ ಮಠದ ಮಾತು ಹೇಳಿದ್ರಲ್ಲ, ಅವತ್ತಿನಿಂದ!"

ಬ್ಯಾಗಿನಿಂದ ಪತ್ರ ತೆಗೆದು ಚೂರು ಚೂರು ಮಾಡಿದಳು. ನೇರ ಹೈಕೆಯ ಮುಂದೆ ಹೋಗಿ ನಿಂತಳು.

"ನಾನು ಬರ್ತೀನಿ! ಹಳ್ಳಿಯ ತಂಡ ಈ ವರ್ಷವೇ ಶುರು!"

ಹೈಕೆ ಕಿರುಚಿ ಅವಳನ್ನು ತಬ್ಬಿಕೊಂಡರು. ಫರಾಜಾಕ್ಕೆ ಅಲ್ಲೇ ಫೋನ್ ಮಾಡಿದರು. ಸ್ಪೀಕರಿನಲ್ಲಿ ದೂರದ ಆ ಹೆಂಗಸರ ಕೇಕೆ, ಹಾಡು, ಕುಣಿತ... ಇಡೀ ಅಂಗಳಕ್ಕೆ ಕೇಳಿಸಿತು!

ಗದ್ದಲದ ನಡುವೆ ಉಳವಪ್ಪ ಮೆಲ್ಲಗೆ ಅವಳ ಕೈ ಹಿಡಿದ.

"ಲಗ್ನ ಅಲ್ಲಿಂದ ವಾಪಸ್ ಬಂದಮ್ಯಾಲೆ ಮಾಡ್ಕೊಳ್ಳೋಣೇನ್ರೀ?"

"ಅಕ್ಟೋಬರಿನಲ್ಲಿ ಫ್ಲೈಟು. ಅದಕ್ಕಿಂತ ಮುಂಚೆ!"

"ಅಷ್ಟು ಅವಸರ ಏನ್ರೀ?"

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಅವಸರಾನೇ ಕಣ್ರೀ... ಅಲ್ಲಿ ಮಾಡೋಕೆ ಬೇಕಾದಷ್ಟು ಕೆಲಸ ಇದೆ. ಇನ್ನು ನಿಮ್ಮನ್ನ ಬಿಟ್ಟಿರೋಕೆ ನನಗೆ ಪುರುಸೊತ್ತಿಲ್ಲ!"