ಖಾಲಿ ಕರಡಿಗೆ

ಅವನ ಅಂಗೈ ಖಾಲಿಯಾಗಿತ್ತು!

ಪೂಜೆಗೆ ನೀರಿನ ತಂಬಿಗೆ ತಂದ ಕೊಟ್ರಮ್ಮ ಹೊಸ್ತಿಲಲ್ಲೇ ನಿಂತಳು. ಮುಂದಿನ ಸೋಮವಾರ ಅವಳಿಗೆ ತಾಳಿ ಕಟ್ಟಬೇಕಾದ ಮರುಳಸಿದ್ದಪ್ಪ ದೇವರ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ಲಿಂಗಪೂಜೆಗೆ ಕೂತವರಂತೆಯೇ ಎಡಗೈಯನ್ನು ಎದೆಮಟ್ಟಕ್ಕೆ ಹಿಡಿದಿದ್ದ. ಆ ಕೈಯನ್ನು ಮುಚ್ಚಿದ್ದ ಶಲ್ಯ ಜಾರಿತ್ತು. ಅಲ್ಲಿ ಲಿಂಗವಿರಲಿಲ್ಲ... ಕೊರಳಲ್ಲಿ ಬಾಯಿ ತೆರೆದು ನೇತಾಡುತ್ತಿದ್ದ ಬೆಳ್ಳಿ ಕರಡಿಗೆಯಲ್ಲೂ ಇರಲಿಲ್ಲ!

ಹುಟ್ಟಿದ ಕೂಸಿಗೂ ಕಟ್ಟುವ ಲಿಂಗ. ಉಸಿರು ನಿಂತ ಮೇಲೂ ಕೈಯಲ್ಲಿಟ್ಟು ಮಣ್ಣು ಮಾಡುವ ಲಿಂಗ. ಅದಿಲ್ಲದವನು ಹೊಳಲ್ಕೆರೆಯ ಈ ಮನೆಯ ಪಂಕ್ತಿಯಲ್ಲಿ ಕೂರುವಂತಿಲ್ಲ. ಮತ್ತೆ... ಇವನು ಯಾರು?

"ಅಳಿಯಂದಿರ ಪೂಜೆ ಆತೇನವ್ವಾ? ಮಠದ ಅಯ್ಯನವರು ಎಲೆ ಮುಂದೆ ಕುಂತಾರೆ!" ಪಡಸಾಲೆಯಿಂದ ಅಪ್ಪ ಶಿವಕುಮಾರಪ್ಪ ಕೂಗಿದ.

"ಇನ್ನೂ ಇಲ್ಲಪ್ಪಾ..."

ಒಂದೇ ಒಂದು ಮಾತು ಆಡಿದರೆ ಮದುವೆ ಮುರಿದಂತೆ. ಆಡದಿದ್ದರೆ?

ಅವನು ಕಣ್ಣು ತೆರೆದ.

"ಯಾರು ನೀವು?" ಪಿಸುಗುಟ್ಟಿದಳು.

"ಮಾರಿಕಣಿವೆ ಅಣೆಕಟ್ಟೆ ಕೆಲಸದ ಮೇಸ್ತ್ರಿ. ಹೋದ ತಿಂಗಳು ನೋಡಿ ಒಪ್ಪಿದ್ಯಲ್ಲ."

"ಮುಖ ಒಪ್ಪಿದ್ದೆ. ಲಿಂಗ ಎಲ್ಲಿ?"

"ಮಣ್ಣೊಳಗೈತೆ."

"ಕಳಕಂಡ್ರಾ?"

"ಇಲ್ಲ."

"ಮಾರ್ಕಂಡ್ರಾ?"

"ಛೇ!" ಅವನ ನೋಟ ಕಿಟಕಿಯಾಚೆ ಸರಿಯಿತು.

ಅಲ್ಲಿ, ಹುಣಸೆಮರದಡಿ ಬಿಟ್ಟಿದ್ದ ಅವನ ಗಾಡಿಯ ಮಗ್ಗುಲಲ್ಲಿ, ಒಬ್ಬ ಹೆಂಗಸು ಕುಳಿತಿದ್ದಳು. ಪ್ರಾಯದವಳು!

ಕೊಟ್ರಮ್ಮನ ಎದೆಯಲ್ಲಿ ಬೆಂಕಿ ಬಿತ್ತು. ಇಟ್ಟುಕೊಂಡವಳೇ? ಪಾದ್ರಿಗಳ ಮಾತು ಕೇಳಿ ಧರ್ಮ ಬಿಟ್ಟನೇ? ಇಷ್ಟು ತಿಳಿಯಾದ ಕಣ್ಣಲ್ಲಿ ಇಷ್ಟು ಮೋಸವೇ!

ತಂಬಿಗೆ ಅಲ್ಲೇ ಕುಕ್ಕಿ ಹಿತ್ತಲ ಬಾಗಿಲಿನಿಂದ ಓಡಿದಳು.

"ಯಾರೇ ನೀನು? ಅವರಿಗೆ ಏನಾಗಬೇಕು?"

ಹೆಂಗಸು ಗಾಬರಿಯಿಂದ ಎದ್ದು ಹಿಂದೆ ಸರಿದಳು. "ದೂರ ನಿಲ್ರಿ ಅಮ್ಮಾರೆ. ನಾವು ಊರಾಚೆ ಕೇರಿಯೋರು. ತಿಪ್ಪಮ್ಮ ಅಂತ. ರಾಮಗಿರಿ ನನ್ನ ತವರು. ಪುಣ್ಯಾತ್ಮರು ಅಲ್ಲೀಗಂಟ ಬಿಡ್ತೀನಿ ಅಂತ ಕರ್ಕಂಡು ಬಂದ್ರು."

ಅವಳ ಕೈಯಲ್ಲಿ ಬಳೆಗಳಿರಲಿಲ್ಲ. ಕೊಟ್ರಮ್ಮನ ದನಿ ತಗ್ಗಿತು. "ಗಂಡ?"

"ಕಟ್ಟೆಗೆ ಕಲ್ಲು ಒಡೀತಿದ್ದ, ಮಾರಣ್ಣ. ಚಳಿಜ್ವರ ನುಂಗ್ತು. ಲಿಂಗ ಕಟ್ಟಿಸ್ಕಬೇಕು ಅಂತ ಒಂದೇ ಹಟ ಅವನಿಗೆ. ಎಷ್ಟು ಬಾಗಿಲಿಗೆ ಹೋದ! 'ನಿನಗ್ಯಾತಕ್ಕಲೇ' ಅಂತ ನಕ್ರು. ಸಾಯೋ ದಿನ ಮೇಸ್ತ್ರಿಗಳು ನೋಡಕ್ಕೆ ಬಂದಾಗ, 'ಒಂದ್ಸಲ ಮುಟ್ಲಾ ಸ್ವಾಮಿ?' ಅಂದ. ತಗದು ಕೈಗಿಟ್ರು. ಮುಷ್ಟಿ ಮುಚ್ಚಿದ... ಹಂಗೇ ಹೋದ."

ಕೊಟ್ರಮ್ಮ ದೇವರ ಕೋಣೆಯ ಕಿಟಕಿಯತ್ತ ತಿರುಗಿ ನೋಡಿದಳು.

"ಬೆರಳು ಬಿಡಿಸಕ್ಕೆ ನಾನೇ ಹೋದೆ ಅಮ್ಮಾರೆ. 'ಬ್ಯಾಡ, ಇರ್ಲಿ ಬಿಡು' ಅಂದ್ರು."

ಲಿಂಗ ಕಟ್ಟಿದ ಮೇಲೆ ಕುಲ ಕೇಳಬಾರದೆಂದು ಅಜ್ಜಿ ಹೇಳಿಕೊಟ್ಟಿದ್ದಳು. ಕಟ್ಟುವ ಮೊದಲು ಕೇಳಬಹುದೆಂದು ಯಾರೂ ಹೇಳಿರಲಿಲ್ಲ. ಆದರೂ ಎಲ್ಲರೂ ಕೇಳುತ್ತಿದ್ದರು... ಈಗಷ್ಟೇ ತಾನೂ ಕೇಳಿದ್ದಳಲ್ಲ, ಯಾರು ನೀವು ಎಂದು!

ಕೋಣೆಗೆ ಮರಳಿದಾಗ ಅವನು ಹಾಗೆಯೇ ಕುಳಿತಿದ್ದ.

"ಕಳೆದೋತು ಅಂದಿದ್ರೆ ಅಯ್ಯನವರು ಬೈದು, ಹೊಸದು ಕಟ್ತಿದ್ರಲ್ರೀ!"

"ಹಂಗಂದ್ರೆ ಮಾರಣ್ಣನ ಕೈಯಿಂದ ಕಿತ್ಕಂಡಂಗೆ ಆಗ್ತಿತ್ತು."

"ಹಂಗಾರೆ ಈ ನಾಟಕ ಯಾಕೆ?"

ಅವನು ತಲೆ ತಗ್ಗಿಸಿದ. "ಹೆದರಿಕೆ. ಹೇಳಬೇಕಂತ್ಲೇ ಬಂದೆ... ನಿನ್ನ ಮುಖ ನೋಡಿದ ಮೇಲೆ ಬಾಯೇ ಬರ್ಲಿಲ್ಲ. ನೀನು ಬ್ಯಾಡ ಅಂತೀಯೇನೋ ಅಂತ..."

"ಇನ್ನೊಂದ್ಸಲ ನನ್ನತ್ರ ಮುಚ್ಚಿಟ್ಟು ನೋಡ್ರಿ, ಗೊತ್ತಾಗ್ತೈತೆ!"

ಹಾಗೆನ್ನುತ್ತಲೇ ಅವನ ಪಕ್ಕ ಕುಳಿತಳು. ತನ್ನ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು. ಆ ಕೈಯ ಕೆಳಗೆ ಅವನ ಖಾಲಿ ಕೈಯನ್ನು ಎಳೆದುಕೊಂಡಳು. ತಂಬಿಗೆಯಿಂದ ಸುರಿದ ನೀರು ಅವಳ ಬೆರಳ ಸಂದಿಯಿಂದ ಅವನ ಅಂಗೈಗೆ ಇಳಿಯಿತು.

ಅವನ ಕಣ್ಣು ತುಂಬಿ ಬಂತು. "ಕೊಟ್ರಮ್ಮ..."

"ಊಟಕ್ಕೆ ಮೊದ್ಲೇ ಅಯ್ಯನವರಿಗೆ ಎಲ್ಲಾ ಹೇಳಾಣ."

"ಪಂಕ್ತಿಯಿಂದ ಎಬ್ಬಿಸಿದ್ರೆ?"

"ಗಾಡಿ ತಾವ ಕುಂತು ಉಣ್ಣಾಣ. ತಿಪ್ಪಮ್ಮ ಒಬ್ಬಳೇ ಅವಳೆ."

"ಪೂಜೆ ಆತೇನವ್ವಾ?" ಅಪ್ಪ ಮತ್ತೆ ಕೂಗಿದ.

"ಆತಪ್ಪಾ..." ಅವನ ಒದ್ದೆ ಕೈಯನ್ನು ಬಿಡದೆಯೇ ಕೊಟ್ರಮ್ಮ ಗಟ್ಟಿಯಾಗಿ ಹೇಳಿದಳು, "ಇಬ್ಬರದೂ ಆತು!"