ನನ್ನ ಅರ್ಧದಲ್ಲಿ ಅರ್ಧ

“ಮೇಸ್ತ್ರೀನ ಕಂಪನಿ ಮೆಂಬರ್ ಮಾಡ್ಕೊಳ್ಳೋಣ, ನಂದೇನೂ ತಕರಾರಿಲ್ಲ. ನೀನು ಅವರನ್ನ ಮದುವೆ ಆಗ್ತೀಯಾ, ಅದಕ್ಕೂ ತಕರಾರಿಲ್ಲ. ಎರಡೂ ಬೇಕು ಅಂದ್ರೆ ಮಾತ್ರ ನಾನು ಸೈನ್ ಹಾಕಲ್ಲ,” ಎಂದ ಅಣ್ಣ.

ನಮ್ಮದು ಲಿಫ್ಟ್ ಕೂರಿಸುವ, ಕೆಟ್ಟರೆ ರಿಪೇರಿ ಮಾಡುವ ಪುಟ್ಟ ಲಿಮಿಟೆಡ್ ಲಯಬಿಲಿಟಿ ಕಂಪನಿ. ಅಪ್ಪನ ನಂತರ ಅದರಲ್ಲಿ ಮೆಂಬರುಗಳಾಗಿ, ಅಂದರೆ ಪಾಲುದಾರರಾಗಿ, ಉಳಿದವರು ನಾವಿಬ್ಬರೇ. ಅಣ್ಣನದು ಅರ್ಧ, ನನ್ನದು ಅರ್ಧ. ಹೊಸಬರು ಯಾರೇ ಸೇರಬೇಕಾದರೂ ಇಬ್ಬರೂ ಒಪ್ಪಿ ಸಹಿ ಹಾಕಬೇಕು. ರಿಪೇರಿ ಕೆಲಸವನ್ನೆಲ್ಲ ನೋಡಿಕೊಳ್ಳುವ ಮೇಸ್ತ್ರಿಯನ್ನು ಸೇರಿಸೋಣ, ಮೂವರಿಗೂ ಸಮಪಾಲು ಇರಲಿ ಎಂದು ಮೊದಲು ಹೇಳಿದ್ದೇ ಅಣ್ಣ. ಅಷ್ಟರಲ್ಲಿ ನಾನೂ ಮೇಸ್ತ್ರಿಯೂ ಒಂದೇ ಕಪ್ಪಿನಲ್ಲಿ ಕಾಫಿ ಕುಡಿಯುವುದು ಅವನ ಕಣ್ಣಿಗೆ ಬಿತ್ತು.

“ಗಂಡ ಹೆಂಡ್ತಿ ಸೇರಿದ್ರೆ ಎರಡು ಪಾಲು. ಅಪ್ಪನ ಕಂಪನೀಲಿ ನಾನೇ ಮೂಲೆಗುಂಪು.”

ಅವನ ಭಯ ಸುಳ್ಳಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಮೇಸ್ತ್ರಿ ಎದುರಿನ ಕಟ್ಟಡದಲ್ಲಿ ಕೆಟ್ಟು ನಿಂತ ಲಿಫ್ಟಿನ ಬಾಗಿಲು ಬಿಚ್ಚುತ್ತಿದ್ದರು. ಮೂಗಿನ ತುದಿಗೆ ಗ್ರೀಸ್ ಮೆತ್ತಿಕೊಂಡಿತ್ತು. ನಡೆದದ್ದೆಲ್ಲ ಹೇಳಿದೆ.

“ಮೆಂಬರ್‌ಗಿಂಬರ್ ಬೇಡ ಬಿಡಿ,” ಎಂದರು. “ಸಂಬಳಕ್ಕೇ ಇರ್ತೀನಿ. ನೀವು ಸಿಕ್ಕರೆ ಸಾಕು.”

“ಓಹೋ, ದೊಡ್ಡ ತ್ಯಾಗಿ. ಕಂಪನೀನ ಇಲ್ಲೀವರೆಗೂ ತಂದೋರು ನೀವು. ಯಾರೋ ಅಂದ್ರು ಅಂತ ಪಾಲು ಬಿಟ್ಟುಕೊಡ್ತೀರಾ?”

“ಹಾಗಾದ್ರೆ ನಿಮ್ಮನ್ನ ಬಿಡ್ಲಾ?”

“ಬಿಡಿ. ನಾನೇನು ನಿಮ್ಮನ್ನ ಹಿಡ್ಕೊಂಡಿದ್ದೀನಾ?”

ಅವರು ತಮ್ಮ ತೋಳಿನ ಕಡೆ ನೋಡಿದರು, ಮತ್ತೆ ನನ್ನ ಕಡೆ. ಅಂಗಿಯ ತೋಳನ್ನು ನಾನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದಿದ್ದೆ. ಅವರ ತುಟಿಯಂಚಿನ ನಗು ಕಂಡು ಮೈಯೆಲ್ಲ ಬಿಸಿಯಾಯಿತು. ಆದರೂ ಕೈ ಬಿಡಲಿಲ್ಲ. ಇಷ್ಟಪಟ್ಟಿದ್ದೇನೆ, ಯಾಕೆ ಬಿಡಬೇಕು?

ಮರುದಿನ ಅಣ್ಣನ ಮೇಜಿನ ಮೇಲೆ ಹೊಸ ಕರಾರುಪತ್ರ ಇಟ್ಟೆ.

“ನಿನ್ನ ಅರ್ಧ ಹಾಗೇ ಇರುತ್ತೆ. ನನ್ನ ಅರ್ಧದಲ್ಲಿ ಅರ್ಧ ಇವರಿಗೆ. ನಾವಿಬ್ಬರೂ ಒಂದಾದ್ರೂ ನಿನ್ನಷ್ಟೇ. ಈಗ ಹೇಳು, ಇನ್ನೇನು ನೆಪ?”

ಅಣ್ಣ ಕನ್ನಡಕ ತೆಗೆದ. “ಹುಚ್ಚಿ, ನಾಳೆ ಇವರು ನನ್ನ ಕಡೆ ಸೇರಿದ್ರೆ ನೀನೇ ಮೂಲೆಗುಂಪು.”

“ಆದ್ರೆ ಆಗ್ಲಿ. ಜಗಳ ಆಡೋಕೆ ನಂಗೆ ಬಾಯಿಲ್ವಾ?”

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ, “ಬೇಡ, ಇದು ನಿಮ್ಮ ಪಾಲು,” ಎನ್ನಹೊರಟರು. ಒಂದು ಸಲ ನೋಡಿದೆ, ಸುಮ್ಮನಾದರು. ಅಣ್ಣ ಅಳೆದೂ ಸುರಿದೂ ಕೊನೆಗೆ ಸಹಿ ಹಾಕಿದ. ನಾನೂ ಹಾಕಿದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೂವರೂ ಸೇರಿದ ಮೊದಲ ಮೀಟಿಂಗು. ಹೊಸ ವ್ಯಾನ್ ಕೊಳ್ಳೋಣ ಎಂದೆ ನಾನು. ಹಳೆಯದೇ ಸಾಕು ಎಂದ ಅಣ್ಣ. ಇಬ್ಬರೂ ಮೇಸ್ತ್ರಿಯ ಮುಖ ನೋಡಿದೆವು.

ಅವರು ಗಂಟಲು ಸರಿಮಾಡಿಕೊಂಡರು. “ಹಳೇ ವ್ಯಾನಿನ ಇಂಜಿನ್ ಚೆನ್ನಾಗಿದೆ. ನನ್ನ ಓಟು ನಿಮ್ಮಣ್ಣನಿಗೆ.”

ನನ್ನ ಪಾಲನ್ನು ಇಟ್ಟುಕೊಂಡು ನನ್ನನ್ನೇ ಸೋಲಿಸಿದರು, ಅದೂ ಮೊದಲ ದಿನವೇ! ಅಣ್ಣನಿಗೆ ಗೆದ್ದ ಖುಷಿಗಿಂತ ಗಾಬರಿಯೇ ಹೆಚ್ಚಾಗಿತ್ತು.

“ಅಲ್ಲ ಮಾರಾಯ್ರೇ, ನೀವು ನಿಜವಾಗ್ಲೂ ಇವಳನ್ನ ಮದುವೆ ಆಗೋರಾ?”

“ಆಗೋನೇ. ಇವರನ್ನ ಖುಷಿಪಡಿಸೋಕೆ ಸುಳ್ಳು ಹೇಳೋನು ಇವರಿಗೆ ತಕ್ಕ ಗಂಡಲ್ಲ,” ಎಂದರು ಮೇಸ್ತ್ರಿ. ಆಮೇಲೆ ನನ್ನ ಕಡೆ ತಿರುಗಿದರು. ದನಿ ತೀರಾ ಸಣ್ಣದಾಗಿತ್ತು. “ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ. ಈಗಲೂ ಒಪ್ಪಿಗೆ ಇದೆಯಾ?”

ಸಿಟ್ಟು ನೆತ್ತಿಗೇರಿತ್ತು. ಪ್ರೀತಿ ಅದಕ್ಕಿಂತ ಮೇಲಕ್ಕೇರಿತ್ತು. ಅಣ್ಣನ ಎದುರಿಗೇ ಅವರ ಕೈ ಹಿಡಿದುಕೊಂಡೆ.

“ಒಪ್ಪಿಗೆ ಇದೆ,” ಎಂದೆ. “ವ್ಯಾನ್ ವಿಷಯ ಮಾತ್ರ ನಾನು ಬಿಡೋದಿಲ್ಲ.”