ಹಿಂದಿನ ಸೀಟು ಮಾತ್ರ ತೊಳೆದಿದ್ದರು

ಮಿಡಿಗೇಶಿಯ ಶಾಲಾ ಮೇಷ್ಟ್ರು ರಂಗೇಶ್ ತಮ್ಮ ಕಾರನ್ನು ನಮ್ಮ ಬೀದಿಯಲ್ಲಿ ನಿಲ್ಲಿಸಿದಾಗ ನಾಲ್ಕೂ ಕಿಟಕಿಗಳ ಗಾಜು ಪೂರ್ತಿ ಇಳಿದಿತ್ತು. ಚೈತ್ರದ ಬಿಸಿಲು. ಮಧುಗಿರಿಯ ಧೂಳನ್ನೆಲ್ಲ ಅವರು ತಲೆಯ ಮೇಲೆ ಹೊತ್ತು ಬಂದಿದ್ದರು.

"ಒಳಗೆ ಏನೋ ವಾಸನೆ ಇರಬೇಕು" ಎಂದರು ತೇಜಸ್ವಿನಿಯವರು, ಜಗಲಿಯಲ್ಲಿ ಕೂತಲ್ಲಿಂದಲೇ.

ರಂಗೇಶ್ ಬೆರಗಾಗಿ ನನ್ನ ಮುಖ ನೋಡಿದರು. ನನಗೆ ಅಭ್ಯಾಸವಾಗಿತ್ತು. ತೇಜಸ್ವಿನಿಯವರು ವಿಮಾ ಕಂಪನಿಗಳ ಪರವಾಗಿ ಅಪಘಾತದ ವಾಹನಗಳನ್ನು ಪರಿಶೀಲಿಸುತ್ತಲೇ ತಲೆ ನರೆಸಿಕೊಂಡವರು. ನಿವೃತ್ತರಾಗಿ ಮಧುಗಿರಿ ಬೆಟ್ಟದ ಕೆಳಗಿನ ತಮ್ಮ ಮನೆಗೆ ಬಂದ ಮೇಲೂ ಜನ ಅವರನ್ನು ಹುಡುಕಿಕೊಂಡು ಬರುವುದು ನಿಲ್ಲಲಿಲ್ಲ. ನಾನು ನಾಗಭೂಷಣ್, ಪಕ್ಕದ ಮನೆಯವನು, ವಕೀಲ. ಅವರು ಎಲ್ಲಿಗಾದರೂ ಹೊರಟರೆ ಕಾರು ಓಡಿಸುವವನು ನಾನೇ.

"ಶಿರಾದಲ್ಲಿ ಅಂಬರೀಶ್ ಅಂತ, ಹಳೇ ಕಾರು ಮಾರೋರು, ಅವರ ಹತ್ರ ಸಂಕ್ರಾಂತಿ ಮುಗಿದ ಮೇಲೆ ತಗೊಂಡೆ ಮೇಡಂ" ಎಂದು ರಂಗೇಶ್ ಶುರುಮಾಡಿದರು. "ಒಳಗೆ ಪಳಪಳ ಅಂತಿತ್ತು. ಅದನ್ನ ನೋಡಿಯೇ ಮನೆಯೋರು ಒಪ್ಪಿದ್ದು. ಚಳಿಯಲ್ಲಿ ಏನೂ ಗೊತ್ತಾಗಲಿಲ್ಲ. ಬಿಸಿಲು ಏರಿದ ಮೇಲೆ ಹಿಂದೆ ಕೂತ ಮಕ್ಕಳು ವಾಂತಿ ಮಾಡ್ಕೊಳ್ಳೋಕೆ ಶುರುಮಾಡಿದ್ರು. ಅಂಬರೀಶ್‌ಗೆ ಹೇಳಿದರೆ, ಯಾರೋ ಹಾಲು ಚೆಲ್ಲಿರಬೇಕು ಅಂದ. ಅಷ್ಟಕ್ಕೆ ಬಿಡಲಿಲ್ಲ. ಈ ಕಾರು ಇವತ್ತೇ ಬಿಟ್ಟು ಹೋಗಿ, ಇದಕ್ಕಿಂತ ಒಳ್ಳೇದು ಕೊಡ್ತೀನಿ ಅಂದ. ಹಳೇ ಕಾರು ಮಾರೋನು ಹಂಗೆ ಹೇಳ್ತಾನಾ? ನನಗೆ ಭಯ ಆಯ್ತು."

ತೇಜಸ್ವಿನಿಯವರು ಎದ್ದು, ಗಾಜುಗಳನ್ನು ಏರಿಸಲು ಹೇಳಿ, ಕಾರನ್ನು ಬಿಸಿಲಿನಲ್ಲೇ ನಿಲ್ಲಿಸಿದರು. ಕಾಫಿ ಮುಗಿದ ಮೇಲೆ ಹಿಂದಿನ ಬಾಗಿಲು ತೆರೆದು ಒಳಗೆ ಕೂತು, ಕಣ್ಣು ಮುಚ್ಚಿಕೊಂಡರು. ಹೊರಗೆ ಬಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

"ಇದು ಹಾಲಲ್ಲ" ಎಂದರು.

ಆಮೇಲೆ ಅವರು ನನಗೆ ಒಂದೊಂದಾಗಿ ತೋರಿಸಿದರು. ಮುಂದಿನ ಸೀಟುಗಳ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಹಳೆಯ ಬಸ್ ಟಿಕೆಟು, ವರ್ಷಗಳ ಧೂಳು. ಹಿಂದಿನ ಸೀಟಿನ ಸಂದಿಯಲ್ಲಿ ಒಂದು ಕಣ ಕಸವೂ ಇಲ್ಲ. ಡ್ಯಾಶ್‌ಬೋರ್ಡಿಗೆ ಹಚ್ಚುವ ಪಾಲಿಶನ್ನು ಯಾರೋ ಹಿಂದಿನ ಸೀಟಿನ ಬಟ್ಟೆಗೂ ತಿಕ್ಕಿದ್ದರು. ಎಡಗಡೆಯ ಸೀಟ್ ಬೆಲ್ಟನ್ನು ಅವರು ಕೊನೆಯವರೆಗೂ ಎಳೆದರು. ಹೊರಗೆ ಕಾಣುವಷ್ಟು ಭಾಗ ಶುಭ್ರವಾಗಿತ್ತು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕಂದು ಬಣ್ಣದ ದೊಡ್ಡ ಕಲೆ. ಕೆಳಗಿನ ಕಾರ್ಪೆಟ್ ಎತ್ತಿದರೆ ಅದರಡಿಯ ದಪ್ಪ ಹಾಸು ಅದೇ ಬಣ್ಣಕ್ಕೆ ತಿರುಗಿ ಹೆಪ್ಪುಗಟ್ಟಿತ್ತು. ಸೀಟು ಜರುಗುವ ಕಂಬಿಯ ಕೆಳಗೆ ಹಸಿರು ಬಳೆಯ ಚೂರೊಂದು, ಅದಕ್ಕೆ ಅಂಟಿಕೊಂಡ ಒಣಗಿದ ಕನಕಾಂಬರದ ಹೂ. ಮುಂದೆ ಬಂದು ನೋಡಿದರೆ ಬಲಗಡೆಯ ಹೆಡ್‌ಲೈಟಿನ ಗಾಜು ಹಳದಿಗಟ್ಟಿತ್ತು, ಎಡಗಡೆಯದು ಹೊಸದು.

ರಂಗೇಶ್ ಗೋಡೆಗೆ ಒರಗಿ ನಿಂತರು. "ನನ್ನ ಮಕ್ಕಳನ್ನ ಇದರ ಮೇಲೆ ಕೂರಿಸಿಬಿಟ್ಟೆನಲ್ಲ" ಎಂದು ಮತ್ತೆ ಮತ್ತೆ ಹೇಳಿದರು.

ನನಗೆ ಮಾತ್ರ ಆ ಕನಕಾಂಬರ ನೋಡಿದ ಕ್ಷಣವೇ ಒಂದು ಕೇಸು ನೆನಪಾಯಿತು. ಕಳೆದ ಕಾರ್ತಿಕದಲ್ಲಿ ಕಳ್ಳಂಬೆಳ್ಳದ ಹೂವಿನ ಪಾಪಕ್ಕ ಕೆರೆ ಏರಿಯ ಹೊಂಗೆ ಮರದ ಕೆಳಗೆ ಹೆಣವಾಗಿ ಸಿಕ್ಕಿದ್ದಳು. ಅವಳ ಹೂವಿನ ಬುಟ್ಟಿ ಸಿಕ್ಕಿದ್ದು ದೂರದ ಹೆದ್ದಾರಿ ತಿರುವಿನಲ್ಲಿ. ಅಳಿಯ ದೇವರಾಜು ಗೂಡ್ಸ್ ಆಟೋ ಓಡಿಸುವವನು. ಅವನ ಆಟೋದ ಮುಂಭಾಗ ಒಡೆದಿತ್ತು (ಮೊದಲೇ ಒಡೆದದ್ದು ಎಂದು ಅವನು ಹೇಳುತ್ತಿದ್ದ), ಹಿಂದಿನ ದಿನವಷ್ಟೇ ಅತ್ತೆಯ ಜೊತೆ ಜಗಳವಾಡಿದ್ದ. ಪೊಲೀಸರು ಅವನನ್ನು ಹಿಡಿದರು. ಅವನಿಗೆ ಜಾಮೀನು ಕೊಡಿಸಿದ ವಕೀಲ ನಾನೇ. ತಲೆಗೆ ಪೆಟ್ಟು ಬಿದ್ದ ಮೇಲೂ ಪಾಪಕ್ಕ ಕೆಲವು ಗಂಟೆ ಬದುಕಿದ್ದಳು, ರಕ್ತ ಹರಿದು ಸತ್ತಳು ಎಂದು ಮರಣೋತ್ತರ ವರದಿ ಹೇಳಿತ್ತು.

ನಾನು ಇದನ್ನೆಲ್ಲ ಹೇಳಿದ ಮೇಲೆ "ನಾಳೆ ಕಳ್ಳಂಬೆಳ್ಳಕ್ಕೆ ಹೋಗೋಣ" ಎಂದರು ತೇಜಸ್ವಿನಿಯವರು.

ಪಾಪಕ್ಕನ ಮಗಳು ಮಂಜಮ್ಮ ಹೂ ಕಟ್ಟುತ್ತಾ ಕೂತಿದ್ದಳು. ಗಂಡ ಜಾಮೀನಿನ ಮೇಲೆ ಹೊರಗೆ ಬಂದ ದಿನ ಅವಳು ಬಾಗಿಲು ತೆರೆದಿರಲಿಲ್ಲ. ಅವನು ಶಿರಾದಲ್ಲಿ ಅಕ್ಕನ ಮನೆ ಸೇರಿದ್ದ.

"ಅಮ್ಮನ್ನ ಮೊದ್ಲು ನೋಡಿದ್ದು ನೀನೇ ಅಲ್ವೇನಮ್ಮ? ಹೆಂಗೆ ಮಲಗಿದ್ರು?" ಎಂದು ಕೇಳಿದರು ತೇಜಸ್ವಿನಿಯವರು.

"ನಿದ್ದೆ ಮಾಡ್ದಂಗೆ ಮಲ್ಗಿತ್ತು ಕಣಮ್ಮ. ಹೊಸ ಹಳದಿ ಬಟ್ಟೆ ಮಡಿಸಿ ತಲೆ ಕೆಳ್ಗೆ ಇಟ್ಟಿದ್ರು. ಸೀರೆ ಕಾಲ್ಗಂಟ ಸರಿಮಾಡಿದ್ರು. ಚಪ್ಲಿ ಜೋಡ್ಸಿ ಇಟ್ಟಿದ್ರು. ಪಕ್ಕದಲ್ಲಿ ಒಂದು ನೀರಿನ ಬಾಟ್ಲು ಇತ್ತು, ತುಂಬಿದ್ದಂಗೇ ಇತ್ತು." ಅವಳ ಕೈಯ ದಾರ ನಿಂತಿತು. "ನನ್ ಗಂಡ ಕೋಪಿಷ್ಠ. ಆದ್ರೆ ಮನ್ಸು ಮೆತ್ತಗೆ. ಗುದ್ಬುಟ್ಟು, ಆಮೇಲೆ ಸಂಕಟ ಆಗಿ ಹಂಗೆ ಮಲಗ್ಸಿರ್ಬೇಕು ಅಂದ್ಕೊಂಡೆ."

ಪೊಲೀಸರು ಹಿಂದಿರುಗಿಸಿದ್ದ ಬಟ್ಟೆಗಳನ್ನು ಅವಳು ತೊಳೆಯದೆ ಗಂಟು ಕಟ್ಟಿಟ್ಟಿದ್ದಳು. ತೇಜಸ್ವಿನಿಯವರು ಅದನ್ನು ಬಿಚ್ಚಿಸಿ ನೋಡಿದರು. ರವಿಕೆಯ ಎಡತೋಳು ಭುಜದ ಹತ್ತಿರ ಹರಿದಿತ್ತು. ಹರಿದ ಎರಡು ಅಂಚುಗಳನ್ನು ಸೇರಿಸಿ ಒಂದು ಪಿನ್ನು ಹಾಕಲಾಗಿತ್ತು. ಅದರ ತುದಿಯಲ್ಲಿ ಸಣ್ಣ ಬಿಳಿ ಮಣಿ.

"ಅಮ್ಮ ಇಂಥಾ ಪಿನ್ನು ಹಾಕ್ತಿದ್ರಾ?"

"ಇಲ್ಲಮ್ಮ. ಮನೆಯಿಂದ ಹೊರಟಾಗ ರವಿಕೆ ಹರ್ದೂ ಇರ್ಲಿಲ್ಲ."

ಅಲ್ಲಿಂದ ನಾವು ಶಿರಾಕ್ಕೆ ಹೋದೆವು, ಕಾರು ಕೊಳ್ಳುವವರಂತೆ. ಅಂಬರೀಶನ ಮಳಿಗೆ ಹೆದ್ದಾರಿ ಬದಿಯ ತಗಡಿನ ಚಾವಣಿ. ಕೆಳಗೆ ಸಾಲು ಕಾರುಗಳು. ಅಲ್ಲಿದ್ದವರು ಮೂವರೇ. ಮಾತಿನ ಮಲ್ಲ ಅಂಬರೀಶ್, ಕಚೇರಿ ನೋಡಿಕೊಳ್ಳುವ ಅವನ ತಂಗಿ ಸಹನಾ, ಕಾರು ತೊಳೆಯುವ ಮುತ್ತುರಾಜ್. ಸಹನಾ ಬಾಡಿದ ಮುಖದ ಹುಡುಗಿ. ನಿಶ್ಚಯವಾಗಿದ್ದ ಮದುವೆಯನ್ನು ಅವಳೇ ಬೇಡ ಎಂದು ನಿಲ್ಲಿಸಿದಳೆಂದು ಎದುರಿನ ಟೀ ಅಂಗಡಿಯಲ್ಲಿ ತಿಳಿಯಿತು.

ತೇಜಸ್ವಿನಿಯವರು ಅಲ್ಲಿದ್ದ ಕಾರುಗಳಲ್ಲಿ ಒಂದೊಂದರೊಳಗೂ ಕೂತು, ಹಿಂದಿನ ಬೆಲ್ಟುಗಳನ್ನು ಎಳೆದು ನೋಡಿದರು. ಎಲ್ಲವೂ ಕೊನೆಯವರೆಗೆ ತೊಳೆದದ್ದು. ಮುತ್ತುರಾಜನ ಹೆಗಲ ಮೇಲೆ ಕಾರು ಒರೆಸುವ ಹಳದಿ ಬಟ್ಟೆಯಿತ್ತು.

ಹೊರಟು ಬರುವಾಗ ಅವರು ರಂಗೇಶರ ಕಾರಿನ ಹಿಂದಿನ ಮಾಲೀಕರಾದ ಹೊಳವನಹಳ್ಳಿಯ ಗಂಗಾಧರಯ್ಯನವರಿಗೆ ಫೋನ್ ಮಾಡಿದರು. ಕಣ್ಣಿನ ಪೊರೆ ಬಂದದ್ದರಿಂದ ದಸರೆಗೆ ಮುಂಚೆಯೇ ಕಾರನ್ನು ಅಂಬರೀಶನಿಗೆ ಒಪ್ಪಿಸಿದ್ದಾಗಿ ಆ ಹಿರಿಯರು ಹೇಳಿದರು. ಆಮೇಲೆ ತೇಜಸ್ವಿನಿಯವರು ಪಾಪಕ್ಕನ ಕೇಸು ನೋಡುತ್ತಿದ್ದ ಸಬ್ ಇನ್ಸ್‌ಪೆಕ್ಟರ್ ಪ್ರಭುದೇವ್ ಅವರನ್ನು ಕಂಡು, ಬೆಲ್ಟಿನ ಕಲೆಯನ್ನು ಪ್ರಯೋಗಾಲಯಕ್ಕೆ ಕಳಿಸಿ ಎಂದರು. ಇನ್ನೂ ಒಂದು ವಿಷಯ ಕೇಳಿಕೊಂಡರು. ಅದೇನೆಂದು ನನಗೆ ಹೇಳಲಿಲ್ಲ.

ವರದಿ ಬಂದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಅಂಬರೀಶನ ಕಚೇರಿಯಲ್ಲಿ ಸೇರಿದೆವು. ರಂಗೇಶ್ ಬಂದಿದ್ದರು. ಮಂಜಮ್ಮ ಒಂದು ಮೂಲೆಯಲ್ಲಿ, ದೇವರಾಜು ಬಾಗಿಲ ಹೊರಗೆ ನಿಂತಿದ್ದರು. ಒಬ್ಬರನ್ನೊಬ್ಬರು ನೋಡಲಿಲ್ಲ.

"ಮೇಷ್ಟ್ರ ಕಾರಿನಲ್ಲಿದ್ದದ್ದು ಪಾಪಕ್ಕನ ರಕ್ತ" ಎಂದು ತೇಜಸ್ವಿನಿಯವರು ಶುರುಮಾಡಿದರು. "ಆ ದಿನ ಕಾರು ಇದ್ದದ್ದು ಈ ಮಳಿಗೆಯಲ್ಲಿ. ಪಾಪಕ್ಕನ ತಲೆಯ ಕೆಳಗಿದ್ದದ್ದೂ ಇಲ್ಲಿಯ ಹಳದಿ ಬಟ್ಟೆ. ಹಾಗಾದರೆ ಕೀಲಿ ಇದ್ದದ್ದು ಮೂವರ ಕೈಯಲ್ಲಿ."

"ಮೇಡಂ, ರಾತ್ರಿ ಯಾರೋ ಕದ್ದು ಓಡ್ಸಿರ್ಬೋದು" ಎಂದ ಅಂಬರೀಶ್.

"ಕದ್ದವನು ರಕ್ತ ತೊಳೆದು ತಂದಿಡ್ತಾನಾ? ಹೊಸ ಹೆಡ್‌ಲೈಟ್ ಹಾಕಿಸ್ತಾನಾ?" ಅವರು ಮುತ್ತುರಾಜನ ಕಡೆ ತಿರುಗಿದರು. "ತೊಳೆದದ್ದು ನೀನಲ್ಲ. ನೀನು ಬೆಲ್ಟನ್ನ ಪೂರ್ತಿ ಎಳೆದು ತೊಳೆಯೋನು. ಇಲ್ಲಿ ಕಾಣುವಷ್ಟು ಮಾತ್ರ ತೊಳೆದಿದ್ದಾರೆ. ಸೀಟಿನ ಬಟ್ಟೆಗೆ ಪಾಲಿಶ್ ಹಚ್ಚಿದ್ದಾರೆ. ಹೊಳಪು ಬಂದರೆ ಸಾಕು ಅಂದುಕೊಂಡವರು."

ಮುತ್ತುರಾಜ್ ತಲೆ ತಗ್ಗಿಸಿದ. "ಬೆಳಗ್ಗೆ ಬಂದಾಗ ಆ ಕಾರು ಆಗ್ಲೇ ಒದ್ದೆ ಇತ್ತು ಮೇಡಂ. ಓನರ್ರೇ ತೊಳ್ದಿದ್ರು. ಒಂದಿನಾನೂ ಪೈಪ್ ಮುಟ್ಟಿದೋರಲ್ಲ. ಯಾಕೆ ಅಂತ ನಾನು ಕೇಳ್ಲೇ ಇಲ್ಲ. ಕೇಳ್ಬೇಕಿತ್ತು."

"ತೊಳೆದದ್ದು ಅಂಬರೀಶ್. ಆದರೆ ಓಡಿಸಿದ್ದು?" ತೇಜಸ್ವಿನಿಯವರು ಬಿಳಿ ಮಣಿಯ ಪಿನ್ನನ್ನು ಮೇಜಿನ ಮೇಲಿಟ್ಟರು. "ಮನೆ ಬಿಡುವಾಗ ರವಿಕೆ ಸರಿಯಿತ್ತು. ಅಂದರೆ ಈ ಪಿನ್ನು ಹಾಕಿದ್ದು ಕಾರು ತಾಗಿದ ಮೇಲೆ. ರಕ್ತ ಸುರಿಯುವಾಗಲೂ ಇನ್ನೊಬ್ಬ ಹೆಂಗಸಿನ ಮೈ ಕಾಣಬಾರದು ಅಂತ ಯೋಚಿಸಿ, ತನ್ನ ಬಟ್ಟೆಯಿಂದ ಪಿನ್ನು ತೆಗೆದು ಹಾಕಿದವಳು ಒಬ್ಬ ಹೆಣ್ಣುಮಗಳು. ಈ ಮಳಿಗೆಯಲ್ಲಿ ಇರೋದು ಒಬ್ಬಳೇ."

ಸಹನಾ ಕುರ್ಚಿಯಿಂದ ಏಳಲಿಲ್ಲ, ಅಳಲೂ ಇಲ್ಲ. ಯಾರೋ ತನ್ನ ಹೆಗಲಿನಿಂದ ಹೊರೆ ಇಳಿಸಿದ ಹಾಗೆ ಉಸಿರು ಬಿಟ್ಟಳು.

"ನಾನೇ ಮೇಡಂ. ಡ್ರೈವಿಂಗ್ ಕಲೀತಿದ್ದೆ. ಲೈಸೆನ್ಸ್ ಇರಲಿಲ್ಲ. ತಿರುವಿನಲ್ಲಿ ಬ್ರೇಕ್ ಅಂದ್ಕೊಂಡು ಇನ್ನೊಂದನ್ನ ಒತ್ತಿಬಿಟ್ಟೆ. ಅವರನ್ನ ಎತ್ತಿ ಹಿಂದೆ ಕೂರಿಸಿ ಬೆಲ್ಟ್ ಹಾಕ್ದೆ. ಆಸ್ಪತ್ರೆಗೆ ಹೊರಟೆ. ಗಾಬರಿಯಲ್ಲಿ ದಾರಿ ತಪ್ಪಿ ಏರಿ ಕಡೆಗೆ ಹೋಗಿಬಿಟ್ಟೆ. ಅಣ್ಣನಿಗೆ ಫೋನ್ ಮಾಡ್ದೆ. ಅಣ್ಣ ಬೈಕಲ್ಲಿ ಬಂದ. ಇಬ್ರೂ ಸೇರಿ ಮರದ ಕೆಳಗೆ ಮಲಗಿಸಿದ್ವಿ. ಅಂಬುಲೆನ್ಸ್‌ಗೆ ಫೋನ್ ಮಾಡಿದೀನಿ, ಈಗ ಬರುತ್ತೆ, ನೀನಿಲ್ಲಿ ಇರಬೇಡ ಅಂದ. ಬಾಯಾರಿಕೆ ಆಗಬಹುದು ಅಂತ ನೀರು ಪಕ್ಕಕ್ಕಿಟ್ಟು ಬಂದೆ. ಬೆಳಗ್ಗೆ ಕೇಳಿದರೆ, ಅಂಬುಲೆನ್ಸ್ ಬರೋವಷ್ಟರಲ್ಲಿ ಪ್ರಾಣ ಹೋಗಿತ್ತಂತೆ ಅಂದ."

"ಆ ಬಾಟಲಿಯೇ ನನ್ನ ನಿದ್ದೆ ಕೆಡಿಸಿದ್ದು" ಎಂದರು ತೇಜಸ್ವಿನಿಯವರು. "ಸತ್ತವರ ಪಕ್ಕದಲ್ಲಿ ಯಾರೂ ಕುಡಿಯುವ ನೀರು ಇಡಲ್ಲ. ಬಿಟ್ಟು ಹೋದವರಿಗೆ ಆಕೆ ಬದುಕಿದ್ದಾಳೆ ಅಂತ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟು ಹೋಗಬೇಕಾದರೆ, ಯಾರೋ ಬರ್ತಾರೆ ಅಂತ ಅವರು ನಂಬಿರಬೇಕು. ಅದಕ್ಕೇ ಇನ್ಸ್‌ಪೆಕ್ಟರನ್ನ ಒಂದು ವಿಷಯ ಕೇಳಿದ್ದೆ."

ಪ್ರಭುದೇವ್ ಫೋನ್ ಕರೆಗಳ ಪಟ್ಟಿ ತೆರೆದರು. "ಆ ಸಂಜೆ ಸಹನಾ ಅವರಿಂದ ಅಂಬರೀಶ್‌ಗೆ ಒಂದು ಕರೆ ಹೋಗಿದೆ. ಅಂಬರೀಶ್ ಫೋನಿಂದ ಅಂಬುಲೆನ್ಸ್‌ಗೆ ಕರೆ ಹೋಗಿಲ್ಲ. ಪೊಲೀಸರಿಗೂ ಇಲ್ಲ. ಯಾರಿಗೂ ಇಲ್ಲ."

ಸಹನಾ ನಿಧಾನವಾಗಿ ಅಣ್ಣನ ಕಡೆ ತಿರುಗಿದಳು. "ಮಾಡ್ಲೇ ಇಲ್ವಾ?"

ಅಂಬರೀಶ್ ತಂಗಿಯ ಮುಖ ನೋಡದೆ ಹೇಳಿದ. "ಮಾಡ್ಬೇಕು ಅಂತ ಫೋನ್ ತೆಗ್ದೆ. ನಂಬರ್ ಸಿಕ್ಬುಡ್ತದೆ, ನಿನ್ನ ಹೆಸ್ರು ಬರ್ತದೆ, ಮದ್ವೆ ನಿಂತೋಗ್ತದೆ ಅನ್ನಿಸ್ತು. ಏರಿ ಮೇಲೆ ಜನ ಓಡಾಡ್ತಾರೆ, ಯಾರಾದ್ರೂ ನೋಡ್ತಾರೆ ಅಂದ್ಕೊಂಡೆ. ಅವ್ರು ಕಣ್ಣು ಬಿಟ್ಕಂಡು ನನ್ನೇ ನೋಡ್ತಿದ್ರು."

"ಅಷ್ಟು ದಿನ ದೇವರಾಜು ಒಳಗಿದ್ದನಲ್ಲ" ಎಂದೆ ನಾನು, ತಡೆಯಲಾರದೆ. "ಅದಾದರೂ ನಿನಗೆ ಅನ್ನಿಸಲಿಲ್ಲವೇ?"

"ಅನ್ನಿಸ್ತಿತ್ತು ಸಾರ್. ದಿನಾ ಅನ್ನಿಸ್ತಿತ್ತು. ಆ ಕಾರು ಕಣ್ಣ ಮುಂದೆ ಇರ್ಬಾರ್ದು ಅಂತ ಮಾರ್ಬುಟ್ಟೆ. ಮೇಷ್ಟ್ರು ಮಕ್ಕಳನ್ನ ಹಿಂದೆ ಕೂರಿಸ್ಕಂಡು ಹೊರಟಾಗ ನಿಲ್ಸಿ ಅಂತ ಕೂಗ್ಬೇಕು ಅನ್ನಿಸ್ತು. ಬಾಯಿ ಬರ್ಲಿಲ್ಲ."

ಸಹನಾ ಎದ್ದು ಮಂಜಮ್ಮನ ಮುಂದೆ ಹೋಗಿ ನೆಲದ ಮೇಲೆ ಕೂತಳು. ಕಾಲು ಮುಟ್ಟಲು ಕೈ ಚಾಚಿದಳು. ಮಂಜಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಅಮ್ಮ ಏನಾದ್ರೂ ಮಾತಾಡ್ತಾ?" ಎಂದು ಕೇಳಿದಳು.

"ಹೂ ಬಾಡೋಗ್ತದೆ, ಬುಟ್ಟಿ ತಗೊಳ್ಳಮ್ಮ ಅಂದ್ರು. ದಾರಿಯುದ್ದಕ್ಕೂ ಅದನ್ನೇ ಅಂತಿದ್ರು."

ಮಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊರಗೆ ಲಾರಿಗಳು ಹೋಗುತ್ತಲೇ ಇದ್ದವು.

ಪೊಲೀಸ್ ಜೀಪು ಅಣ್ಣತಂಗಿಯರನ್ನು ಕರೆದುಕೊಂಡು ಹೋಯಿತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತರೂ ಸಹನಾ ಕಿಟಕಿಯ ಕಡೆ ಮುಖ ಮಾಡಿದ್ದಳು. ರಂಗೇಶರ ಕಾರು ಪೊಲೀಸರ ವಶದಲ್ಲೇ ಉಳಿಯಿತು. ರಂಗೇಶ್ ಬಸ್ಸು ಹಿಡಿಯುತ್ತೇನೆಂದು ಹೊರಟುಬಿಟ್ಟರು. ತೇಜಸ್ವಿನಿಯವರು ನಮ್ಮ ಕಾರಿನ ಹತ್ತಿರ ಹೋಗಿ ನಿಂತರು. ಗೆದ್ದ ಸಂತೋಷ ಅವರ ಮುಖದಲ್ಲಿ ಇರಲಿಲ್ಲ.

ಅಂಗಳದಲ್ಲಿ ಉಳಿದವರು ದೇವರಾಜು, ಮಂಜಮ್ಮ. ಅವಳೇ ಅವನ ಹತ್ತಿರ ಹೋದಳು.

"ಮನೆಗೆ ಬಾ" ಎಂದಳು.

ದೇವರಾಜು ಅವಳನ್ನು ನೋಡಿದ. ಅವನ ಮುಖದಲ್ಲಿ ಕೋಪಕ್ಕಿಂತ ಸುಸ್ತೇ ಹೆಚ್ಚಾಗಿತ್ತು.

"ನಾನಲ್ಲ ಅಂತ ಬಾಗ್ಲ ಹೊರಗೆ ನಿಂತು ಹೇಳ್ದೆ ಕಣೆ. ಎಷ್ಟು ಸಲ ಹೇಳ್ದೆ. ಒಳಗೇ ಇದ್ದೆ ನೀನು, ಕೇಳುಸ್ಕಂಡೇ ಇದ್ದೆ."

"ಕೇಳುಸ್ಕಂಡೆ" ಎಂದಳು ಮಂಜಮ್ಮ.

ಅವನು ಕಳ್ಳಂಬೆಳ್ಳದ ಬಸ್ಸು ನಿಲ್ಲುವ ಕಡೆಗೆ ನಡೆದ. ಮಂಜಮ್ಮ ನಾಲ್ಕು ಹೆಜ್ಜೆ ಹಿಂದೆಯೇ ಉಳಿದು ನಡೆದಳು. ಜೊತೆಗೆ ಸೇರಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಬಸ್ಸು ಬಂದಾಗ ಅವನು ಮೊದಲು ಹತ್ತಿದ, ಹಿಂದಕ್ಕೆ ನೋಡದೆಯೇ ಪಕ್ಕದ ಜಾಗ ಬಿಟ್ಟು ಕಿಟಕಿಗೆ ಸರಿದು ಕೂತ. ಅವಳು ಆ ಜಾಗದಲ್ಲಿ ಕೂರಲಿಲ್ಲ. ಅವನ ಸೀಟಿನ ಕಂಬಿ ಹಿಡಿದುಕೊಂಡು ನಿಂತೇ ಹೋದಳು.